ಒಗ್ಗರಣೆ ಡಬ್ಬಿಯ ಖಾಲಿ ಬಟ್ಟಲು

ಹೋದ ಆದಿತ್ಯವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳವಾಯಿತು. ಕಾರಣ, ಒಗ್ಗರಣೆ ಡಬ್ಬಿ.

ಹಳೆಯ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ನನ್ನ ಹೆಂಡತಿ ಸುಮ ಇಲ್ಲಿ ಮುಂಬಯಿಯ ದಹಿಸರ್ ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಯಿಂದ ಹೊಸತೊಂದನ್ನು ತಂದಿದ್ದಳು. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ ಬಿಡಿ, ದುಂಡನೆಯ ಸ್ಟೀಲಿನದು, ಒಳಗೆ ಏಳು ಪುಟ್ಟ ಬಟ್ಟಲು. ಸಾಸಿವೆ, ಜೀರಿಗೆ, ಮೆಂತೆ, ಉದ್ದಿನಬೇಳೆ, ಅರಸಿನ, ಮೆಣಸಿನ ಪುಡಿ ಎಂದು ಆರನ್ನು ತುಂಬಿಸಿ, ಏಳನೆಯದನ್ನು ಖಾಲಿ ಬಿಟ್ಟು ಅವಳು ಸ್ನಾನಕ್ಕೆ ಹೋದಳು. ಪಾಪ, ಮರೆತಿರಬೇಕು ಅಂದುಕೊಂಡೆ. ಹೆಂಡತಿಗೆ ಸಹಾಯ ಮಾಡುವ ಬುದ್ಧಿ ನನಗೆ ವರ್ಷಕ್ಕೊಮ್ಮೆ ಬರುತ್ತದೆ, ಅದು ಅವತ್ತೇ ಬಂತು. ಕೊತ್ತಂಬರಿ ಬೀಜದ ಭರಣಿ ಹುಡುಕಿ ತೆಗೆದು ಆ ಬಟ್ಟಲನ್ನು ತುಳುಕುವ ಹಾಗೆ ತುಂಬಿಸಿದೆ.

ಸುಮ ಬಂದು ನೋಡಿದಳು. "ನಿಮಗೆ ಖಾಲಿ ಜಾಗ ಕಂಡರೆ ಕೈ ತುರಿಸ್ತದಾ?" ಎಂದಳು. ಕೊತ್ತಂಬರಿಯನ್ನು ಭರಣಿಗೆ ವಾಪಸು ಸುರಿದು, ಬಟ್ಟಲನ್ನು ತೊಳೆದು ಒರೆಸಿ, ಮತ್ತೆ ಖಾಲಿಯಾಗಿಯೇ ಇಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, "ಸಂಜೆ ಗೊತ್ತಾಗ್ತದೆ. ನೀವು ನಿಮ್ಮ ಭಾಷಣ ಬರೀರಿ, ಹೋಗಿ" ಎಂದು ನನ್ನನ್ನು ಅಡುಗೆ ಮನೆಯಿಂದ ಅಟ್ಟಿದಳು.

ಭಾಷಣದ ಕತೆ ಹೇಳಲೇಬೇಕು. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಕಳಚಿ, ಗರ್ಭಗುಡಿಗೆ ಹೋದ ಹಾಗೆ ಹೋಗುತ್ತಿದ್ದ ಕಾಲದಿಂದ ನಾನು ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಈಗ ನಿವೃತ್ತಿ ಹತ್ತಿರ. ಅಂಧೇರಿಯ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ 'ಸಾಫ್ಟ್‌ವೇರ್ ಬರೆಯುವವರು ಸಾಮಾನ್ಯವಾಗಿ ಮಾಡುವ ತಪ್ಪುಗಳು' ಎಂಬ ವಿಷಯದ ಮೇಲೆ ನಾನು ಮಾತಾಡಬೇಕಂತೆ. ನನ್ನ ಅರ್ಧ ಪ್ರಾಯದ ಮ್ಯಾನೇಜರ್ ಬಹಳ ಗೌರವದಿಂದ, "ಸರ್, ಇಸ್ ಸಬ್ಜೆಕ್ಟ್ ಮೇ ಆಪ್ ಸೇ ಬಡಾ ಕೋಯಿ ನಹೀ" ಎಂದ, ಈ ವಿಷಯದಲ್ಲಿ ನಿಮಗಿಂತ ದೊಡ್ಡವರು ಯಾರೂ ಇಲ್ಲ ಅಂತ. ಹೊಗಳಿದನೋ ಬೈದನೋ ಎಂದು ಲೋಕಲ್ ರೈಲಿನಲ್ಲಿ ಬೊರಿವಲಿ ತನಕ ಯೋಚಿಸಿದೆ, ಗೊತ್ತಾಗಲಿಲ್ಲ.

ಹಾಳೆಯ ಮೇಲೆ 'ಒಂದು' ಎಂದು ಬರೆದು ಕೂತೆ. ತಪ್ಪುಗಳಿಗೇನು ಬರವೇ? ಶುಕ್ರವಾರ ಸಂಜೆ, ಎಲ್ಲರೂ ಬ್ಯಾಗ್ ಹೆಗಲಿಗೇರಿಸಿದ ಹೊತ್ತಿಗೆ, 'ಒಂದೇ ಒಂದು ಸಾಲು ತಿದ್ದಿಬಿಡ್ತೇನೆ' ಎನ್ನುವುದು. ಫೈಲಿಗೆ 'ಫೈನಲ್' ಎಂದು ಹೆಸರಿಟ್ಟು, ಮರುದಿನ 'ಫೈನಲ್ ಪಕ್ಕಾ' ಎಂದು ಇನ್ನೊಂದು ಮಾಡುವುದು. ಗಿರಾಕಿ ಫೋನ್ ಮಾಡಿ ಓಡುತ್ತಿಲ್ಲ ಎಂದು ಅಳುತ್ತಿದ್ದರೆ, 'ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡ್ತದಲ್ಲ' ಎನ್ನುವುದು. ಇವನ್ನೆಲ್ಲ ಆ ಮಕ್ಕಳು ಕಾಲೇಜಿನಲ್ಲಿಯೇ ಕೇಳಿರುತ್ತಾರೆ, ಕೇಳಿಯೂ ಮಾಡುತ್ತಾರೆ, ನಾವೂ ಹಾಗೆಯೇ ಮಾಡಿದವರು. ನನ್ನ ತಲೆಯೊಳಗೆ ಆ ಏಳನೆಯ ಬಟ್ಟಲೇ ತಿರುಗುತ್ತಿತ್ತು.

ಯಾಕೆಂದರೆ ಈ ಬಟ್ಟಲಿಗೂ ನನಗೂ ಹಳೆಯ ವೈರ. ನಾನು ಹುಟ್ಟಿ ಬೆಳೆದದ್ದು ಮಾಟುಂಗದ ಒಂದು ಚಾಳ್‌ನಲ್ಲಿ. ಅಪ್ಪ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು, ಮನೆಗೆ ಬರುವಾಗ ಅವರ ಅಂಗಿಯಿಂದ ಬರುವ ತುಪ್ಪದ ಪರಿಮಳಕ್ಕೆ ಪಕ್ಕದ ಮನೆಯ ಬೆಕ್ಕು ಹಿಂದೆ ಬರುತ್ತಿತ್ತು. ಒಂದೇ ಕೋಣೆ, ಅದರಲ್ಲೇ ಅಡುಗೆ, ಅದರಲ್ಲೇ ದೇವರು, ಅದರಲ್ಲೇ ಊರಿನಿಂದ ಬಂದ ನೆಂಟರು. ಅಂಗೈಯಗಲ ಜಾಗವೂ ಖಾಲಿ ಇರದ ಆ ಮನೆಯಲ್ಲಿ ಅಮ್ಮ ಒಗ್ಗರಣೆ ಡಬ್ಬಿಯ ಒಂದು ಬಟ್ಟಲನ್ನು ಮಾತ್ರ ಯಾವಾಗಲೂ ಖಾಲಿ ಇಡುತ್ತಿದ್ದಳು. ನನಗೆ ತಡೆಯಲಿಲ್ಲ. ಒಂದು ದಿನ ಅದಕ್ಕೆ ಸಕ್ಕರೆ ತುಂಬಿಸಿಟ್ಟೆ. ಶಾಲೆಯಿಂದ ಬರುವಷ್ಟರಲ್ಲಿ ಇರುವೆಗಳು ಸಕ್ಕರೆ ಮುಗಿಸಿ ಸಾಸಿವೆಯೊಳಗೆ ನುಗ್ಗಿದ್ದವು. ಇರುವೆ ಯಾವುದು, ಸಾಸಿವೆ ಯಾವುದು ಎಂದು ಗುರುತು ಹಿಡಿಯಲು ಅಮ್ಮ ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಓಡಿದರೆ ಇರುವೆ ಎಂದು ತೀರ್ಮಾನಿಸುತ್ತಿದ್ದಳು. "ನಿನ್ನನ್ನು ಯಾರು ಕೇಳಿದ್ದು ಮಾರಾಯ ತುಂಬಿಸಲಿಕ್ಕೆ? ಅದು ಊರಿನಿಂದ ಯಾರಾದರೂ ಏನಾದರೂ ತಂದರೆ ಹಾಕುವ ಬಟ್ಟಲು" ಎಂದು ಬೆನ್ನಿಗೊಂದು ಬಿಟ್ಟಳು. ಆ ಪೆಟ್ಟು ಆಗಲೇ ತಲೆಗೆ ಹೋಗಿದ್ದರೆ ಮುಂದಿನ ಫಜೀತಿ ಆಗುತ್ತಿರಲಿಲ್ಲ.

ಮುಂದಿನ ಫಜೀತಿ ಎಂದರೆ ವಾಸಣ್ಣನದು. ವಾಸಣ್ಣ ಮಾಟುಂಗದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಸಂಘದಲ್ಲಿ ವಧೂವರರ ವಿಭಾಗ ಎಂದು ಒಂದುಂಟು. ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ತುಳುವರ ಮಕ್ಕಳಿಗೆ ಗಂಡು ಹೆಣ್ಣು ಹುಡುಕುವ ಕೆಲಸ. ಅದನ್ನು ಕಂಪ್ಯೂಟರಿಗೆ ಹಾಕಿಕೊಡು ಎಂದು ವಾಸಣ್ಣ ನನ್ನ ಬೆನ್ನು ಹತ್ತಿದ. "ನಿನಗೆ ಎರಡು ದಿನದ ಕೆಲಸ ಅಲ್ವಾ ಮಾರಾಯ?" ಎಂದ. "ಎರಡು ದಿನ ಧಾರಾಳ ಸಾಕು" ಎಂದೆ. ಮಳೆಗಾಲ ಹೋಗಿ ಇನ್ನೊಂದು ಮಳೆಗಾಲ ಬಂತು.

ಮೊದಲು ಹೆಸರು, ಪ್ರಾಯ, ಓದು ಇಷ್ಟೇ ಸಾಕು ಎಂದಿದ್ದ. ಆಮೇಲೆ ಜಾತಕ ಬೇಕು ಎಂದ. ಫೋಟೊ ತಿರುಗಬೇಕು ಎಂದ. ಕೊನೆಗೆ, "ಜೋಡಿ ಸರಿ ಬಂದರೆ ದೇವಸ್ಥಾನದ ಗಂಟೆ ಬಾರಿಸಿದ ಹಾಗೆ ಸದ್ದು ಬರಲಿ, ನೋಡುವವರಿಗೆ ಒಂದು ಭಕ್ತಿ ಬರ್ತದೆ" ಎಂದ. ಬೇಡ ಎನ್ನಬೇಕಾದಲ್ಲಿ ಬೇಡ ಎನ್ನದೆ ಇರುವುದು ನಮ್ಮ ಕಸುಬಿನ ದೊಡ್ಡ ರೋಗ. ಗಂಟೆಯನ್ನೂ ಹಾಕಿಕೊಟ್ಟೆ.

ಇನ್ನು ಬರಿಯ ವಿಷಯ. ತುಳುವರಲ್ಲಿ ಪ್ರತಿಯೊಬ್ಬರಿಗೂ ಒಂದು ಬರಿ ಇರುತ್ತದೆ, ಅಂದರೆ ಕುಲದ ಹೆಸರು. ಒಂದೇ ಬರಿಯವರು ಅಣ್ಣ ತಂಗಿಯರಿದ್ದ ಹಾಗೆ, ಅವರೊಳಗೆ ಮದುವೆ ಕೂಡದು. ಈ ಬರಿ ಬರುವುದು ತಾಯಿಯಿಂದ, ತಂದೆಯಿಂದಲ್ಲ. ಇದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿರುವ ಸಂಗತಿ. ಆದರೆ ನಾನು ಅದಕ್ಕೆ ಮೊದಲು ಒಂದು ಮರಾಠಿ ಸಂಘಕ್ಕೆ ಇಂಥದೇ ಕೆಲಸ ಮಾಡಿಕೊಟ್ಟಿದ್ದೆ. ಅಲ್ಲಿ ಗೋತ್ರ, ಅದು ತಂದೆಯಿಂದ. ಯಾರಾದರೂ ಗೋತ್ರದ ಜಾಗವನ್ನು ಖಾಲಿ ಬಿಟ್ಟರೆ ತಂದೆಯ ಗೋತ್ರ ತನ್ನಷ್ಟಕ್ಕೆ ಬಂದು ಕೂರುವ ಹಾಗೆ ಮಾಡಿ ಭಾರೀ ಶಭಾಸ್‌ಗಿರಿ ಪಡೆದಿದ್ದೆ. ಆ ಸಾಫ್ಟ್‌ವೇರಿನ ತುಂಡನ್ನೇ ಎತ್ತಿ ತಂದು ಇಲ್ಲಿ ಅಂಟಿಸಿದೆ, 'ಗೋತ್ರ' ಎಂದಿದ್ದಲ್ಲಿ 'ಬರಿ' ಎಂದು ಬದಲಿಸಿದೆ, ಚಾ ಕುಡಿಯಲು ಹೋದೆ. ಜೋಡಿ ಸರಿ ಬಂದರೆ ಹಸಿರು, ಮೇಲಿನಿಂದ ಗಂಟೆ. ಬರಿ ಒಂದೇ ಆದರೆ ಕೆಂಪು ಅಕ್ಷರದಲ್ಲಿ 'ಈ ಸಂಬಂಧ ಕೂಡದು'.

ಹೋದ ವರ್ಷ ಚೌತಿ ಕಳೆದ ಮೇಲೆ ಒಂದು ಸಂಜೆ ಅಕ್ಷತಾ ನಮ್ಮ ಮನೆಗೆ ಬಂದಳು. ನಮ್ಮ ಮನೆಯ ಹಿಂದಿನ ಗಲ್ಲಿಯ ಹುಡುಗಿ, ಚಿಕ್ಕಂದಿನಿಂದ ನೋಡಿದವಳು. ಅವಳ ಅಪ್ಪ ಜಯರಾಮಣ್ಣ ಕರಾವಳಿಯ ನಮ್ಮೂರ ಕಡೆಯವರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು, ತೀರಿಹೋಗಿ ಕೆಲವು ವರ್ಷವಾಯಿತು. ಅಮ್ಮ ಕಸ್ತೂರಕ್ಕ ವಿಜಾಪುರದ ಕಡೆಯವರು. ಅಕ್ಷತಾ ಚಪ್ಪಲಿ ಕಳಚುವುದಕ್ಕೂ ಮೊದಲೇ ಶುರು ಮಾಡಿದಳು.

"ಅಂಕಲ್, ನಿಮ್ಮ ಸಾಫ್ಟ್‌ವೇರ್ ನನ್ನನ್ನು ನಿಖಿಲ್‌ನ ತಂಗಿ ಬನಾ ದಿಯಾ!"

"ನಿಖಿಲ್ ಯಾರು?"

ಅವಳು ಕೆಂಪಾದಳು. ಸುಮ ನೀರು ಕೊಟ್ಟು ಕೂರಿಸಿದ ಮೇಲೆ ಕತೆ ಹೊರಬಂತು. ಇಬ್ಬರೂ ಒಂದೇ ಆಫೀಸು, ಎರಡು ವರ್ಷದ ಪರಿಚಯ. ನಿಖಿಲ್‌ನ ಅಮ್ಮ ಶಾರದಕ್ಕ ಮಾಟುಂಗದವರು, ಬಹಳ ಕಟ್ಟುನಿಟ್ಟು. ಮಗ ತಾನೇ ಹುಡುಗಿ ಹುಡುಕಿಕೊಂಡ ಎಂದರೆ ಊಟ ಬಿಡುತ್ತಾರೆ, ಸಂಘದಿಂದ ಬಂದ ಸಂಬಂಧ ಎಂದರೆ ಕಣ್ಣು ಮುಚ್ಚಿ ಒಪ್ಪುತ್ತಾರೆ. ಅದಕ್ಕೆ ಇವರಿಬ್ಬರೂ ಒಂದು ಉಪಾಯ ಮಾಡಿದ್ದರು. ಇಬ್ಬರೂ ಸಂಘದಲ್ಲಿ ಹೆಸರು ಹಾಕುವುದು, ಏನೂ ತಿಳಿಯದವರ ಹಾಗೆ ಕೂರುವುದು, ಕಂಪ್ಯೂಟರೇ ಇವರನ್ನು ಜೋಡಿ ಮಾಡಲಿ ಎಂದು ಕಾಯುವುದು. ಪ್ರೀತಿಸಿದವರು ನನ್ನ ಸಾಫ್ಟ್‌ವೇರನ್ನು ನಂಬಿದ್ದು ಕೇಳಿ ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು ಎನ್ನಿ.

ಆದರೆ ಬಂದದ್ದು ಕೆಂಪು. ವಾಸಣ್ಣ ಅದನ್ನು ನೇರವಾಗಿ ಶಾರದಕ್ಕನ ಫೋನಿಗೆ ಕಳಿಸಿಬಿಟ್ಟಿದ್ದ. "ಒಂದೇ ಬರಿ ಎಂದರೆ ಮುಗೀತು, ಆ ಹುಡುಗಿಯ ಮಾತೆತ್ತಬೇಡ" ಎಂದರಂತೆ ಅವರು. ಕಂಪ್ಯೂಟರ್ ತಪ್ಪಿರಬಹುದು ಎಂದು ನಿಖಿಲ್ ಹೇಳಿದ್ದಕ್ಕೆ, "ತಪ್ಪುವುದು ಮನುಷ್ಯರು" ಎಂದರಂತೆ. ಬರುವ ಆದಿತ್ಯವಾರ ಸಂಘದ ವಧೂವರರ ಸಮಾವೇಶದಲ್ಲಿ ಅವನಿಗೆ ಬೇರೆ ಹುಡುಗಿ ನೋಡುವುದು ಎಂದು ನಿಶ್ಚಯವಾಗಿತ್ತು.

ನಾನು ಏನು ಹೇಳಿದೆ ಗೊತ್ತೇ? "ನನ್ನ ಕಂಪ್ಯೂಟರಿನಲ್ಲಿ ಸರಿ ಬರ್ತದಲ್ಲ" ಎಂದೆ. ಆಮೇಲೆ, "ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ಯಾ?" ಎಂದೆ. ಕೊನೆಗೆ, "ನೀನೇ ಏನೋ ತಪ್ಪು ತುಂಬಿಸಿರಬೇಕು" ಎಂದೆ. ಸುಮ ನನ್ನ ಕಡೆ ಒಂದು ನೋಟ ನೋಡಿದಳು. ತೆಪ್ಪಗೆ ಲ್ಯಾಪ್‌ಟಾಪ್ ತೆರೆದೆ.

"ಬರಿಯ ಜಾಗದಲ್ಲಿ ಏನು ಹಾಕಿದೆ?"

"ಏನೂ ಹಾಕಲಿಲ್ಲ. ಖಾಲಿ ಬಿಟ್ಟೆ."

ಅಲ್ಲಿ ಖಾಲಿ ಇರಲಿಲ್ಲ. ತಂದೆಯ ವಿವರದಲ್ಲಿ ತುಂಬಿಸಿದ್ದ ಜಯರಾಮಣ್ಣನ ಬರಿ ಬಂದು ಪದ್ಮಾಸನ ಹಾಕಿ ಕೂತಿತ್ತು. ನಿಖಿಲ್‌ಗೆ ತಾಯಿಯಿಂದ ಬಂದ ಬರಿಯೂ ಅದೇ. ಎರಡನ್ನೂ ನೋಡಿ ಯಂತ್ರ ಅಣ್ಣ ತಂಗಿ ಎಂದಿತ್ತು. ನನ್ನ ಕಿವಿ ಬಿಸಿಯಾಯಿತು. "ಛೆ, ಮರೆತು ಖಾಲಿ ಬಿಟ್ಟವರಿಗೆ ಅನುಕೂಲ ಆಗಲಿ ಅಂತ ನಾನು..." ಎಂದು ಶುರು ಮಾಡಿದೆ.

"ಮರೆತು ಅಲ್ಲ ಅಂಕಲ್. ಜಾನ್‌ಬೂಝ್‌ಕೆ, ಬೇಕಂತಲೇ ಬಿಟ್ಟದ್ದು." ಅವಳು ನಿಧಾನವಾಗಿ, ಕನ್ನಡದ ಮಾತುಗಳನ್ನು ಹುಡುಕಿ ಹುಡುಕಿ ಹೇಳಿದಳು. "ಚಿಕ್ಕಂದಿನಿಂದ ಪಪ್ಪನ ಕಡೆಯ ಪ್ರತಿ ಫಂಕ್ಷನ್‌ನಲ್ಲಿ ಯಾರಾದರೂ ಕೇಳ್ತಾರೆ, ನಿನ್ನ ಬರಿ ಯಾವುದು? ನಾನು ಸುಮ್ಮನೆ ನಿಲ್ತೇನೆ. ಅಮ್ಮ ದೂಸ್ರೀ ಕಡೆ ನೋಡ್ತಾಳೆ. ಬರಿ ಅಮ್ಮನಿಂದ ಬರೋದು, ಮತ್ತೆ ನನ್ನ ಅಮ್ಮನಿಗೆ ಬರಿ ಇಲ್ಲ. ಅದು ಅಮ್ಮನ ಜಾಗ ಅಂಕಲ್. ನೀವು ಅಲ್ಲಿ ಪಪ್ಪನನ್ನು ಯಾಕೆ ಕೂರಿಸಿದ್ರಿ?"

ವಾಸಣ್ಣನಿಗೆ ಫೋನ್ ಹಚ್ಚಿದೆ. ಅವನು ಎಲ್ಲವನ್ನೂ ಕೇಳಿ, "ಇಷ್ಟೇ ಅಲ್ವಾ? ಯಾವುದಾದರೂ ಬೇರೆ ಬರಿ ತುಂಬಿಸಿಬಿಡು. ಹಸಿರು ಬರ್ತದೆ, ಗಂಟೆ ಹೊಡೀತದೆ, ಮದುವೆ ಊಟ ಮಾಡುವ" ಎಂದ. ನಿಜ ಹೇಳುತ್ತೇನೆ, ನನಗೂ ಅದು ಸುಲಭ ಕಂಡಿತು. ಖಾಲಿ ಎಂದು ತೋರಿಸಿದರೆ ಶಾರದಕ್ಕ ಯಾಕೆ ಎಂದು ಕೇಳದೆ ಬಿಡುವವರಲ್ಲ. ತಾಯಿ ನಮ್ಮವರಲ್ಲ ಎಂದು ತಿಳಿದ ಮೇಲೆ ಅವರು ಎದ್ದು ನಡೆದರೆ? ಒಂದು ಹೆಸರು ಹಾಕಿದರೆ ಹುಡುಗಿಯ ಬಾಳು ಹಸನಾಗುತ್ತದಲ್ಲ. ಬೆರಳು ಕೀಲಿಮಣೆಯ ಮೇಲೆಯೇ ಇತ್ತು.

"ಬೇಡ ಅಂಕಲ್" ಎಂದಳು ಅಕ್ಷತಾ. ಅವಳ ಕಣ್ಣು ತುಂಬಿತ್ತು. "ಸುಳ್ಳು ಬರಿ ಹಾಕಿ ಮದುವೆ ಆದರೆ ಆಮೇಲೆ ಅಮ್ಮ ಆ ಮನೆಗೆ ಕೈಸೇ ಬರ್ತಾಳೆ?"

ನಾನು ಆ ಅಂಟಿಸಿದ ತುಂಡನ್ನೇ ಕಿತ್ತು ಬಿಸಾಡಿದೆ. ಯಾರು ಖಾಲಿ ಬಿಟ್ಟರೋ ಅವರದು ಖಾಲಿಯೇ ಇರಲಿ. ಬರಿ ಇದ್ದು ಅದು ಒಂದೇ ಆದರೆ ಮಾತ್ರ ಯಂತ್ರ ಬೇಡ ಎನ್ನಲಿ. ಕೆಲಸ ಮುಗಿಯಲು ಒಂದು ಚಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಆದಿತ್ಯವಾರದ ತನಕ ನಿದ್ದೆ ಮಾತ್ರ ಸರಿಯಾಗಿ ಬರಲಿಲ್ಲ.

ಆದಿತ್ಯವಾರ ಮಾಟುಂಗದ ಸಭಾಂಗಣದಲ್ಲಿ ಮಲ್ಲಿಗೆಯ ಪರಿಮಳ, ಉಪ್ಪಿಟ್ಟಿನ ಹಬೆ, ರೇಷ್ಮೆ ಸೀರೆಗಳ ಸರಬರ. ವೇದಿಕೆಯ ಬಳಿ ಪರದೆ, ಅದರ ಪಕ್ಕದಲ್ಲಿ ನಾನು. ಮೂಲೆಯಲ್ಲಿ ಕಸ್ತೂರಕ್ಕ ಇಳಕಲ್ ಸೀರೆ ಉಟ್ಟು, ಮಗಳ ಕೈ ಹಿಡಿದು ಕೂತಿದ್ದರು. ಸಂಘದ ಮೆಟ್ಟಿಲನ್ನು ಅವರು ಹತ್ತಿದ್ದು ಅದೇ ಮೊದಲು. ನಾನು ಬೆವರು ಒರೆಸಿಕೊಂಡು ಎರಡು ಹೆಸರುಗಳನ್ನು ಹಾಕಿ ಒತ್ತಿದೆ.

ಹಸಿರು ಬಂತು. ಜೊತೆಗೆ ಆ ಹಾಳು ಗಂಟೆ ಢಣ್ ಎಂದು ಇಡೀ ಸಭಾಂಗಣಕ್ಕೆ ಕೇಳುವಂತೆ ಹೊಡೆಯಿತು. ಎಲ್ಲರೂ ತಿರುಗಿದರು. ಒಬ್ಬರು ಅಜ್ಜಿ ಅಭ್ಯಾಸಬಲದಿಂದ ಕೈಮುಗಿದರು. ಶಾರದಕ್ಕ ಎದ್ದು, ಕನ್ನಡಕ ಸರಿಮಾಡಿಕೊಂಡು, ಸೀದಾ ಪರದೆಯ ಮುಂದೆ ಬಂದು ನಿಂತರು.

"ಮೊನ್ನೆ ಕೆಂಪು, ಇವತ್ತು ಹಸಿರು. ಇದೆಂಥದು, ರಸ್ತೆಯ ಸಿಗ್ನಲ್ಲಾ?"

ತಪ್ಪು ನನ್ನದು ಎಂದು ತೊದಲುತ್ತ ವಿವರಿಸಿದೆ. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದರು. "ಹುಡುಗಿಯ ಬರಿಯ ಜಾಗ ಖಾಲಿ ಉಂಟಲ್ಲ. ಯಾಕೆ ಖಾಲಿ?"

ವಾಸಣ್ಣ ನನ್ನನ್ನು ನೋಡಿದ, ನಾನು ವಾಸಣ್ಣನನ್ನು ನೋಡಿದೆ. ಅಷ್ಟರಲ್ಲಿ ಮೂಲೆಯಿಂದ ಕಸ್ತೂರಕ್ಕ ಎದ್ದು ಬಂದರು.

"ನಾ ಹೇಳ್ತೀನ್ರಿ. ನಾ ವಿಜಾಪುರದಾಕಿ. ನಮ್ಮಪ್ಪ ಇಲ್ಲಿ ಬಿಲ್ಡಿಂಗ್ ಕಟ್ಟಾಕ ಬಂದಿದ್ದ. ನಮ್ಮ ಕಡೆ ಈ ಬರಿ ಅಂಬೋದು ಇಲ್ರಿ. ಇಲ್ಲದ್ದನ್ನ ಎಲ್ಲಿಂದ ಬರಕೊಡ್ಲಿ? ಅದಕ್ಕ ಮಗಳು ಖಾಲಿ ಬಿಟ್ಟಾಳ. ನೋಡೂದಿದ್ರ ಹುಡುಗೀನ ನೋಡ್ರಿ, ಆ ಖಾಲಿ ಜಾಗ ಏನ್ ನೋಡ್ತೀರಿ?" ಧ್ವನಿ ಗಟ್ಟಿಯಾಗಿತ್ತು.

ಶಾರದಕ್ಕ ಪರದೆ ಬಿಟ್ಟು ಕಸ್ತೂರಕ್ಕನ ಕಡೆ ತಿರುಗಿದರು. ನಿಖಿಲ್ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಹುಡುಗಿಯ ಅಪ್ಪನ ಬರಿ?"

"ನಿಮ್ದ ಅಂತ್ರಿ."

"ಹಾಗಾದರೆ ಅವರು ನನಗೆ ಅಣ್ಣ ಆಗಬೇಕು" ಎಂದರು ಶಾರದಕ್ಕ. ಆಮೇಲೆ ವಾಸಣ್ಣನ ಕಡೆ ತಿರುಗಿದರು. "ಅಣ್ಣನ ಮಗಳು ನನ್ನ ಮಗನಿಗೆ ತಂಗಿ ಹೇಗಾಗ್ತಾಳೆ ವಾಸಣ್ಣ? ಸೋದರಮಾವನ ಮಗಳು! ನಮ್ಮಲ್ಲಿ ಹೆಣ್ಣು ಕೇಳುವಾಗ ಮೊದಲು ಹೋಗುವುದೇ ಸೋದರಮಾವನ ಮನೆಗೆ. ಅದನ್ನು ಬೇಡ ಅಂತ ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದ್ದೀರಲ್ಲ!" ಇನ್ನು ನನ್ನ ಸರದಿ. "ಮತ್ತೆ ನೀವು, ಬರಿ ಅಪ್ಪನಿಂದ ಬರ್ತದೆ ಅಂತ ನಿಮಗೆ ಯಾರು ಕಲಿಸಿದ್ದು? ನಿಮಗೆ ಅಮ್ಮ ಇರಲಿಲ್ವಾ?"

ಇದ್ದಳು, ಬೆನ್ನಿಗೆ ಪೆಟ್ಟನ್ನೂ ಕೊಟ್ಟಿದ್ದಳು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಶಾರದಕ್ಕ ಕಸ್ತೂರಕ್ಕನ ಕೈ ಹಿಡಿದುಕೊಂಡಿದ್ದರು.

"ಅಣ್ಣನ ಹೆಂಡತಿ ಅಂದರೆ ನೀವು ನನಗೆ ಅತ್ತಿಗೆ ಆದಿರಿ. ನಿಂತದ್ದು ಯಾಕೆ? ಕೂತುಕೊಳ್ಳಿ ಅತ್ತಿಗೆ. ವಾಸಣ್ಣ, ಚಾ ತರಿಸಿ."

ಕಸ್ತೂರಕ್ಕ ಕೂತರು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಗಂಡನ ಕಡೆಯವರು ಅವರನ್ನು ಒಂದು ಸಂಬಂಧ ಹೇಳಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ನಾನು ಪರದೆಯ ವಯರನ್ನು ಸುಮ್ಮನೆ ತೆಗೆದು ಹಾಕಿ ಮಾಡಿದೆ. ಚಾ ಬಂದ ಮೇಲೆ ಶಾರದಕ್ಕ ಮಗನನ್ನು ತೋರಿಸಿ ಕಸ್ತೂರಕ್ಕನಿಗೆ ಹೇಳುತ್ತಿದ್ದರು: "ಎರಡು ವರ್ಷದಿಂದ ಬಾಲ್ಕನಿಯಲ್ಲಿ ನಿಂತು ಯಾರ ಹತ್ತಿರ ಪಿಸುಪಿಸು ಮಾತಾಡ್ತಾನೆ ಅಂತ ಅಮ್ಮನಿಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ ಇವ!"

ಅದಾದ ಮೇಲೆ 'ಕೂಡದು' ಎಂಬ ಕೆಂಪು ಅಕ್ಷರವನ್ನು ತೆಗೆದು, 'ಮನೆಯವರು ಕೂತು ಮಾತಾಡಿ' ಎಂದು ಹಾಕಿದ್ದೇನೆ. ಗಂಟೆಯನ್ನು ತೆಗೆಯಲು ವಾಸಣ್ಣ ಬಿಡಲಿಲ್ಲ. ಮೊದಲ ಮದುವೆ ಮಾಡಿಸಿದ ಗಂಟೆ ಎಂದು ಈಗ ಅದಕ್ಕೆ ಮಹಿಮೆಯುಳ್ಳ ಕಾರಣಿಕದ ಗಂಟೆಯ ಮರ್ಯಾದೆ ಬಂದಿದೆ.

ಹೀಗೆ ಅದೂ ಇದೂ ನೆನೆದು ಕೂತು ಸಂಜೆಯಾಯಿತು. ಭಾಷಣದ ಹಾಳೆಯಲ್ಲಿ 'ಒಂದು' ಎಂಬುದರ ಮುಂದೆ 'ತುಂಬಿಸುವ ಮೊದಲು ಕೇಳಿ' ಎಂದಷ್ಟೇ ಬರೆದಿದ್ದೆ. ಬಾಗಿಲ ಬೆಲ್ ಆಯಿತು. ಅಕ್ಷತಾ ಮತ್ತು ನಿಖಿಲ್. ಮದುವೆಯಾದ ಮೇಲೆ ನಮ್ಮಲ್ಲಿಗೆ ಮೊದಲ ಊಟಕ್ಕೆ ಕರೆದದ್ದು ಸುಮ, ನನಗೆ ಹೇಳಲು ಮರೆತಿದ್ದಳೋ, ಹೇಳಿದ್ದು ನಾನೇ ಕೇಳಿರಲಿಲ್ಲವೋ.

ಅಕ್ಷತಾ ಚೀಲದಿಂದ ಒಂದು ಪೊಟ್ಟಣ ತೆಗೆದಳು. "ಅಮ್ಮ ಶೇಂಗಾ ಚಟ್ನಿಪುಡಿ ಕಳಿಸಿದ್ದಾಳೆ. ಅತ್ತೆಗೆ ಒಂದು ಡಬ್ಬಾ, ನಿಮಗೆ ಇದು. ಆಂಟಿ ಫೋನ್‌ನಲ್ಲಿ ಬೋಲೀ ಥೀ, ಜಾಗ ಮಾಡಿ ಇಡ್ತೇನೆ ಅಂತ."

ಸುಮ ಒಳಗಿನಿಂದ ಹೊಸ ಒಗ್ಗರಣೆ ಡಬ್ಬಿ ತಂದು ನನ್ನ ಮುಂದೆಯೇ ಇಟ್ಟು ಮುಚ್ಚಳ ತೆಗೆದಳು. ನನ್ನ ಕೈಗೆ ಪೊಟ್ಟಣವನ್ನೂ ಚಮಚವನ್ನೂ ಕೊಟ್ಟು, ತುಟಿ ಬಿಗಿಹಿಡಿದು ನಕ್ಕಳು. ನಾನು ಚಮಚ ತುಂಬ ಪುಡಿ ತೆಗೆದು, ಆ ಖಾಲಿ ಬಟ್ಟಲಿನ ಮೇಲೆ ಹಿಡಿದು, ಅಕ್ಷತಾಳ ಮುಖ ನೋಡಿದೆ.

"ಇಲ್ಲಿ ಹಾಕಲಾ?"

"ಹಾಕಿ ಅಂಕಲ್" ಎಂದಳು ಅವಳು. "ಅಮ್ಮನ ಜಾಗ ಅಲ್ವಾ ಅದು."